ಹತ್ತು ಸಾವಿರ, ಎರಡು ಕೋಣೆ, ಮೊಳೆ ಹೊಡೆಯೋ ಹಾಗಿಲ್ಲ

ಮನೆ ಚೆಂದ ಮಾಡುವುದು ಹೇಗೆ ಅಂತ ಕೇಳಿ ನೀವು ಬರೆದ ಈ ಸಲದ ಪತ್ರಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಕೂತಿದ್ದೆ. ನಮ್ಮ ಮನೆಯವರು ಬಂದು ನೋಡಿ, "ಏನು, ಇವರೆಲ್ಲರ ಮನೆಗೂ ನೀನೇ ಪರದೆ ಹೊಲಿದು ಕೊಡ್ತೀಯಾ?" ಅಂದರು. ಹೊಲಿಯೋಕೆ ನಾನು ತಯಾರು. ಕಣ್ಣು ಒಪ್ಪುತ್ತಿಲ್ಲ ಅಷ್ಟೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಇಂಟೀರಿಯರ್ ಓದಿದವಳಲ್ಲ. ಬಳ್ಳಾರಿಯಲ್ಲಿ ಪರದೆ, ಸೋಫಾ ಕವರ್, ಗಾದಿ ಕವರ್ ಹೊಲಿಯುವವಳು. ಮನೆಯವರ ವರ್ಗಾವಣೆ ಹಿಂದೆ ಕೊಪ್ಪಳ, ರಾಯಚೂರು, ಬಳ್ಳಾರಿ ಅಂತ ಸುತ್ತಿ ಹನ್ನೊಂದು ಬಾಡಿಗೆ ಮನೆ ಕಂಡಿದ್ದೇನೆ. ಎಂಟಕ್ಕೆ ಸುಣ್ಣ ಹೊಡೆಸಿದೆ, ಮೂರಕ್ಕೆ ನಾನೇ ಹೊಡೆದೆ. ಇಲ್ಲಿ ಹೇಳುವುದೆಲ್ಲ ಆ ಮನೆಗಳಲ್ಲಿ ಕಲಿತದ್ದು. ಜಾಸ್ತಿ ಪಾಲು ಕೆಡಿಸಿಕೊಂಡೇ ಕಲಿತದ್ದು.

ಅಕ್ಕಾ, ಮದುವೆಯಾಗಿ ನಾಲ್ಕು ತಿಂಗಳಾಯ್ತು. ಎರಡು ಕೋಣೆಯ ಬಾಡಿಗೆ ಮನೆ. ನಮ್ಮವರು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಡ್ತಾರೆ. ಮನೆ ಚೆಂದ ಮಾಡೋಕೆ ಅಂತ ಹತ್ತು ಸಾವಿರ ಎತ್ತಿಟ್ಟಿದ್ದೇವೆ. ಆದರೆ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿಬಿಟ್ಟಿದ್ದಾರೆ. ಇರೋ ದುಡ್ಡಿಗೆ ಒಂದು ಸೋಫಾ ತಗೊಂಡುಬಿಡಲಾ?
— ಹೊಸ ಸಂಸಾರ, ಬಳ್ಳಾರಿ

ಸೋಫಾ ಬೇಡ ತಂಗೀ. ಹತ್ತು ಸಾವಿರಕ್ಕೆ ಸಿಗುವ ಸೋಫಾ ಜಾಸ್ತಿ ದಿನ ಬಾಳುವುದಿಲ್ಲ. ಮನೆ ಬದಲಿಸುವಾಗ ಅದನ್ನು ಗಾಡಿಗೆ ಏರಿಸಿ ಇಳಿಸುವಷ್ಟರಲ್ಲಿ ಒಂದು ಕಾಲು ಹೋಗಿರುತ್ತದೆ. ನಮ್ಮದು ಹಾಗೇ ಹೋಯಿತು. ಮೂರು ಕಾಲಿನ ಸೋಫಾಕ್ಕೆ ಎರಡು ಇಟ್ಟಿಗೆ ಕೊಟ್ಟು ನಾಲ್ಕು ವರ್ಷ ಕೂತೆವು. ಬೀಗರು ಬಂದಾಗ ಆ ಇಟ್ಟಿಗೆ ಮುಚ್ಚುವುದೇ ನನಗೊಂದು ಕೆಲಸ.

ಮೊದಲ ಹದಿನೈದು ದಿನ ಏನೂ ಕೊಳ್ಳಬೇಡಿ. ಸುಮ್ನೆ ಮನೆ ನೋಡಿ. ಬೆಳಿಗ್ಗೆ ಬಿಸಿಲು ಯಾವ ಮೂಲೆಗೆ ಬೀಳುತ್ತದೆ? ನಿಮ್ಮವರು ಬಂದ ಕೂಡಲೇ ಬೈಕ್ ಕೀ, ಹೆಲ್ಮೆಟ್ ಎಲ್ಲಿ ಬಿಸಾಕುತ್ತಾರೆ? ಒಗೆದ ಬಟ್ಟೆ ಮಡಚುವ ಮುಂಚೆ ಎಲ್ಲಿ ಗುಡ್ಡೆ ಬೀಳುತ್ತದೆ? ಕೀ ಬೀಳುವ ಕಡೆ ಒಂದು ಹಿತ್ತಾಳೆ ತಟ್ಟೆ, ಬಟ್ಟೆ ಬೀಳುವ ಕಡೆ ಒಂದು ದೊಡ್ಡ ಬುಟ್ಟಿ ಇಡಿ. ಮನುಷ್ಯರ ಅಭ್ಯಾಸ ತಿದ್ದೋಕೆ ಹೋಗಬೇಡಿ, ಅದಕ್ಕೆ ಹತ್ತು ಸಾವಿರ ಸಾಲುವುದಿಲ್ಲ.

ಆಮೇಲೆ ಬಲ್ಬು. ನಗಬೇಡಿ, ಕಡಿಮೆ ದುಡ್ಡಿಗೆ ಮನೆಯ ಮುಖ ಬದಲಾಗುವುದು ಇದರಿಂದಲೇ. ಬಾಡಿಗೆ ಮನೆಗಳಲ್ಲಿ ಹಾಲ್‌ಗೆ ಒಂದು ಬಿಳಿ ಟ್ಯೂಬ್‌ಲೈಟು, ಮುಗಿಯಿತು. ಅದರ ಕೆಳಗೆ ಕೂತರೆ ಮದುಮಗಳೂ ಜ್ವರ ಬಂದವಳ ಹಾಗೆ ಕಾಣುತ್ತಾಳೆ. ಅಂಗಡಿಯಲ್ಲಿ ವಾರ್ಮ್ ವೈಟ್ ಅಂತ ಕೇಳಿ. ಡಬ್ಬಿ ಮೇಲೆ 2700ಕೆ ಅಥವಾ 3000ಕೆ ಅಂತ ಬರೆದಿರುತ್ತದೆ. 6500ಕೆ ಅಂತಿದ್ದರೆ ಅದು ಆ ಟ್ಯೂಬ್‌ಲೈಟಿನ ಬಿಳಿಯೇ. ವಾರ್ಮ್ ವೈಟ್‌ನ 9 ವ್ಯಾಟ್ ಬಲ್ಬು ಎರಡು ತನ್ನಿ. ಒಂದನ್ನು ಮೂಲೆಯಲ್ಲಿ ನೆಲದ ಮೇಲೆ ಇಡುವ ಲ್ಯಾಂಪಿಗೆ ಹಾಕಿ, ಗೋಡೆ ಕಡೆ ತಿರುಗಿಸಿ. ಸಂಜೆ ಟ್ಯೂಬ್‌ಲೈಟ್ ಆರಿಸಿ ಇದನ್ನು ಹಾಕಿ ನೋಡಿ. ಓದೋಕೆ, ಕಾಳು ಆರಿಸೋಕೆ ಮಾತ್ರ ಟ್ಯೂಬ್‌ಲೈಟೇ ಬೇಕು, ಅದನ್ನು ಕಿತ್ತು ಹಾಕಬೇಡಿ.

ಪರದೆಗೆ ಮೊಳೆ ಬೇಕಿಲ್ಲ. ಸ್ಪ್ರಿಂಗ್ ರಾಡ್ ಅಂತ ಬರುತ್ತದೆ. ತಿರುಗಿಸಿ ಉದ್ದ ಮಾಡಿ ಕಿಟಕಿಯ ಎರಡು ಬದಿಗೆ ಒತ್ತಿ ನಿಲ್ಲಿಸುವುದು. ಓನರ್‌ಗೂ ನೆಮ್ಮದಿ. ಬಟ್ಟೆ ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತೀರಿ. ಕಿಟಕಿ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಇದ್ದರೆ ನೆರಿಗೆ ಸರಿಯಾಗಿ ಬೀಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಲುಂಗಿ ಒಣಹಾಕಿದ ಹಾಗೆ ಕಾಣುತ್ತದೆ. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಗೆ 48 ಇಂಚು ಪನ್ನಾದ, ಅಂದರೆ ಅಗಲದ, ಬಟ್ಟೆ 3 ಮೀಟರ್ ಸಾಕು. ಎರಡು ಪೀಸ್ ಬರುತ್ತವೆ, ಮಡಿಕೆಗೂ ಸಿಗುತ್ತದೆ. ಕಾಟನ್ ಆದರೆ ಕತ್ತರಿಸುವ ಮುಂಚೆ ಒಂದು ಸಲ ನೀರಲ್ಲಿ ಅದ್ದಿ ಒಣಗಿಸಿ. ಇಲ್ಲಾಂದ್ರೆ ಮೊದಲ ಒಗೆತಕ್ಕೆ ಪರದೆ ಮೊಣಕಾಲು ತೋರಿಸುತ್ತದೆ. ಬಣ್ಣ? ಬಳ್ಳಾರಿಯಲ್ಲಿ ಬಿಳಿ ಪರದೆ ಹಾಕಿ ಮೂರು ತಿಂಗಳು ಬಿಟ್ಟು ನನಗೆ ಬರೆಯಿರಿ. ಅದಿರಿನ ಕೆಂಪು ಧೂಳು ಹೇಗೂ ಬಣ್ಣ ಹಚ್ಚುತ್ತದೆ. ಅದಕ್ಕೆ ಮುಂಚೆ ನೀವೇ ಕಾವಿ ಬಣ್ಣ, ಇಟ್ಟಿಗೆ ಬಣ್ಣ, ನಶ್ಯದ ಬಣ್ಣ ಆರಿಸಿಕೊಂಡರೆ ಜಾಣತನ.

ಈಗ ಕೂರುವ ಜಾಗಕ್ಕೆ ಬರೋಣ. ಗಾದಿ, ಲೋಡು ಮಾಡಿಕೊಳ್ಳಿ. ತವರಿನಲ್ಲಿ ಹಳೆ ಹತ್ತಿ ಗಾದಿ ಇದ್ದೇ ಇರುತ್ತದೆ. ಅದರ ಹತ್ತಿ ಹಿಂಜಿಸಿ 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಗಾದಿ ಹೊಲಿಸಿ, ಗೋಡೆಗೆ ಒರಗಲು ಎರಡು ಲೋಡು. ಇನ್ನು ಕವರ್ ಬಟ್ಟೆಗೆ ನೀವು ದುಡ್ಡು ಕೊಡುವುದೇ ಬೇಡ. ನಿಮ್ಮವರು ಜೀನ್ಸ್ ಯೂನಿಟ್‌ನಲ್ಲಿದ್ದಾರೆ! ಕಟಿಂಗ್‌ನಲ್ಲಿ ಉಳಿಯುವ ತುಂಡುಗಳನ್ನು ಮೇಲಿನವರನ್ನು ಕೇಳಿ ಒಂದು ಚೀಲ ತರಲಿ. ಕಡು ನೀಲಿ, ತಿಳಿ ನೀಲಿ, ಕಪ್ಪು, ಬೂದಿ ಎಲ್ಲ ಕಲಸಿ ಬರಲಿ.

7 ಇಂಚಿನ ಚೌಕಗಳಾಗಿ ಕತ್ತರಿಸಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋದರೆ 6 ಇಂಚು ಉಳಿಯುತ್ತದೆ. ಉದ್ದಕ್ಕೆ 12, ಅಗಲಕ್ಕೆ 5, ಒಟ್ಟು 60 ಚೌಕ. ಮೊದಲು ನೆಲದ ಮೇಲೆ ಹರಡಿ, ದೂರ ನಿಂತು ನೋಡಿ, ಒಂದೇ ಬಣ್ಣ ಅಕ್ಕಪಕ್ಕ ಬಂದರೆ ಬದಲಿಸಿ. ಮಷೀನಿಗೆ 16 ನಂಬರ್ ಸೂಜಿ ಹಾಕಿ, ದಪ್ಪ ತುಂಡಿಗೆ 18. ನಾಲ್ಕು ಚೌಕ ಸೇರುವ ಕಡೆ ಬಟ್ಟೆ ಎಂಟು ಪದರ ಆಗುತ್ತದೆ. ಸೂಜಿ ಮುರಿಯುವುದು ಅಲ್ಲೇ. ಪ್ರತಿ ಸಾಲು ಹೊಲಿದ ಮೇಲೆ ಹೊಲಿಗೆಯ ಮಡಿಕೆಯನ್ನು ಎರಡು ಕಡೆ ಬಿಡಿಸಿ, ಇಸ್ತ್ರಿ ಹಾಕಿ, ಆ ಗಂಟಿನ ಮೇಲೆ ಸುತ್ತಿಗೆಯಿಂದ ಎರಡು ಏಟು ಕೊಡಿ. ಕಲ್ಲಿನ ಮೇಲೆ ಇಟ್ಟು ಕೊಡಿ, ಓನರ್ ಟೈಲ್ಸ್ ಮೇಲೆ ಬೇಡ. ಕೆಳಗಡೆಗೆ ಕೋರಾ ಬಟ್ಟೆ ಸಾಕು. ಇನ್ನೊಂದು, ಕಡು ನೀಲಿ ತುಂಡುಗಳನ್ನು ಮೊದಲೇ ಎರಡು ಮೂರು ಸಲ ಬೇರೆಯಾಗಿ ಒಗೆಯಿರಿ. ಹೊಸ ಜೀನ್ಸ್ ಬಟ್ಟೆ ಉಜ್ಜಿದರೆ ಬಣ್ಣ ಬಿಡುತ್ತದೆ. ನನ್ನ ಗಿರಾಕಿಯೊಬ್ಬರ ಬಿಳಿ ಪಂಚೆ ಹಿಂಭಾಗ ನೀಲಿಯಾಗಿ, ಅವರು ಹಾಗೇ ಬೀದಿಯಲ್ಲಿ ಓಡಾಡಿ ಬಂದಿದ್ದರು.

ಅಂಟಿಸುವ ಹುಕ್ಕು ತರಬೇಡಿ. ಸುಣ್ಣ, ಡಿಸ್ಟೆಂಪರ್ ಗೋಡೆಗೆ ಅದು ನಿಲ್ಲುವುದಿಲ್ಲ, ಬೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತದೆ. ಹಾಲ್‌ನಲ್ಲಿ ಕಡಪ ಕಲ್ಲಿನ ಶೆಲ್ಫ್ ಇರಬೇಕಲ್ವಾ? ಮದುವೆ ಫೋಟೋ ಅದರ ಮೇಲೆ ಗೋಡೆಗೆ ಒರಗಿಸಿ ಇಡಿ. ಕೆಳಗಿನ ಎರಡು ಖಾನೆಗೆ ಪರದೆ ಬಟ್ಟೆಯದೇ ಚಿಕ್ಕ ತುಂಡು ಕಟ್ಟಿ. ಒಂದು ಖಾನೆ ಖಾಲಿ ಬಿಡಿ. ಹೌದು, ಖಾಲಿ.

ಇಷ್ಟಕ್ಕೆ ಅರ್ಧ ದುಡ್ಡೂ ಖರ್ಚಾಗಬಾರದು. ಉಳಿದದ್ದು ಡಬ್ಬಿಯಲ್ಲಿರಲಿ. ಅದನ್ನು ಓನರ್ ಅಡ್ವಾನ್ಸ್‌ಗೋ ಆಸ್ಪತ್ರೆಗೋ ಯಾರೋ ಕೇಳೇ ಕೇಳುತ್ತಾರೆ.

ಚಿಕ್ಕ ಹಾಲ್‌ಗೆ ಯಾವ ಬಣ್ಣ?
— ಗಂಗಾವತಿ

ಒಂದು ಸಾಲಿನ ಪತ್ರಕ್ಕೆ ಉದ್ದ ಉತ್ತರ ಬರೆಯೋಲ್ಲ. ಗೋಡೆ, ಮೇಲ್ಛಾವಣಿ ಎರಡಕ್ಕೂ ಒಂದೇ ತಿಳಿ ಬಣ್ಣ. ಮಜ್ಜಿಗೆಗೆ ಒಂದು ಚಿಟಿಕೆ ಅರಿಶಿನ ಬಿದ್ದ ಹಾಗಿರಲಿ. ಒಂದು ಗೋಡೆಗೆ ಮಾತ್ರ ಕೆಂಪು ಹೊಡೆಯುವ ಫ್ಯಾಷನ್ ಚಿಕ್ಕ ಹಾಲ್‌ಗೆ ಬೇಡ. ಆ ಗೋಡೆ ಮುಂದೆ ಬಂದು ಎದೆ ಮೇಲೆ ಕೂತ ಹಾಗಾಗುತ್ತದೆ. 10x12 ಅಡಿ ಹಾಲ್, 10 ಅಡಿ ಎತ್ತರ ಅಂದರೆ ಗೋಡೆ ಒಟ್ಟು 440 ಚದರ ಅಡಿ. ಬಾಗಿಲು ಕಿಟಕಿ ಕಳೆದು, ಡಬ್ಬಿ ಮೇಲೆ ಒಂದು ಲೀಟರ್‌ಗೆ ಎಷ್ಟು ಚದರ ಅಡಿ ಅಂತ ಬರೆದಿರುವುದನ್ನು ಓದಿ ತಗೊಳ್ಳಿ. ಪೇಂಟರ್ ಹೇಳಿದಷ್ಟು ಅಲ್ಲ.

ಮೇಡಂ, ನಿವೃತ್ತನಾಗಿ ಬಂದ ದುಡ್ಡಲ್ಲಿ ಕಟ್ಟಿಸಿದ ಮನೆ. ಹಾಲ್‌ನ ಒಂದು ಗೋಡೆಯಲ್ಲಿ ಕೆಳಗಿನ ಎರಡು ಮೂರು ಅಡಿ ಬಣ್ಣ ನಿಲ್ಲುತ್ತಿಲ್ಲ. ದೀಪಾವಳಿಗೆ ಹೊಡೆಸಿದರೆ ಯುಗಾದಿಗೆ ಉದುರುತ್ತದೆ. ಬಿಳಿ ಪುಡಿ ಬೀಳುತ್ತದೆ. ವಾಲ್‌ಪೇಪರ್ ಹಚ್ಚಿದರೆ ಹೇಗೆ? ಖರ್ಚು ಕಡಿಮೆ ಅಂತಾರೆ.
— ಮಾಸ್ತರು, ರಾಯಚೂರು

ಮಾಸ್ತರೇ, ವಾಲ್‌ಪೇಪರ್ ಹಚ್ಚಿದರೆ ಆ ಪುಡಿ ಬೀಳುವುದು ಕಾಣುವುದಿಲ್ಲ, ಅಷ್ಟೇ. ಒಳಗೆ ಗೋಡೆ ಹಾಳಾಗುತ್ತಲೇ ಇರುತ್ತದೆ, ಕಾಗದದ ಹಿಂದೆ ಬೂಸಲು ಬೆಳೆಯುತ್ತದೆ.

ಇದೇ ತಪ್ಪು ನಾನೂ ಮಾಡಿದ್ದೆ, ಅದೂ ನಿಮ್ಮ ರಾಯಚೂರಲ್ಲೇ. ತೀನ್ ಕಂದೀಲ್ ಹತ್ತಿರ ಬಾಡಿಗೆಗಿದ್ದಾಗ ಪಡಸಾಲೆ ಗೋಡೆ ಹೀಗೇ ಇತ್ತು. ಅಂಗಡಿಯವರು "ಆಯಿಲ್ ಪೇಂಟ್ ಹೊಡೀರಿ, ಜನ್ಮದಲ್ಲಿ ಉದುರಲ್ಲ" ಅಂದರು. ಹೊಡೆದೆ. ಎರಡು ತಿಂಗಳು ಕನ್ನಡಿಯ ಹಾಗೆ ಹೊಳೆಯಿತು. ಮೂರನೇ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ಗೋಡೆ ಜೋಳದ ರೊಟ್ಟಿ ಉಬ್ಬಿದ ಹಾಗೆ ಉಬ್ಬಿದೆ. ಬೆರಳಿಂದ ಒತ್ತಿದೆ. ಪಟ್ ಅಂತ ಒಡೆದು ಒಳಗಿಂದ ಒಂದು ಹಿಡಿ ಉಪ್ಪಿನಂಥ ಪುಡಿ ಸುರಿಯಿತು.

ಆಗುವುದು ಇಷ್ಟು. ನೆಲದ ತೇವವನ್ನು ಇಟ್ಟಿಗೆ ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಆ ನೀರಲ್ಲಿ ಉಪ್ಪು ಕರಗಿರುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರಿನ ರುಚಿ ನಿಮಗೆ ನಾನು ಹೇಳಬೇಕಾ? ಗೋಡೆಯಿಂದ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಉಳಿದ ಉಪ್ಪು ಹರಳುಗಟ್ಟಿ ಬಣ್ಣವನ್ನೂ ಪ್ಲಾಸ್ಟರನ್ನೂ ಹೊರಕ್ಕೆ ನೂಕುತ್ತದೆ. ಗಾಳಿಯಾಡದ ಬಣ್ಣ ಬಳಿದಷ್ಟೂ ನೂಕು ಜಾಸ್ತಿ.

ಹಾಗಾಗಿ ಮೊದಲು ನೀರು ಎಲ್ಲಿಂದ ಅಂತ ಹುಡುಕಿ. ಗೋಡೆಯ ಆಚೆ ಬದಿ ಏನಿದೆ? ಬಚ್ಚಲೇ? ತೊಟ್ಟಿಯೇ? ಹೂವಿನ ಕುಂಡ ಸಾಲಾಗಿ ಇಟ್ಟು ದಿನಾ ನೀರು ಹಾಕುತ್ತೀರಾ? ನಮ್ಮ ಮನೆಯಲ್ಲಿ ಪಕ್ಕದವರ ಬಚ್ಚಲ ನೀರಿನ ಪೈಪು ಒಡೆದಿತ್ತು. ಎರಡು ಮನೆಯ ನಡುವಿನ ಸಂದಿಯಲ್ಲಿ ಯಾರಿಗೂ ಕಂಡಿರಲಿಲ್ಲ.

ಗೋಡೆಯೊಳಗಿನ ತೇವವೋ, ಕೋಣೆಯ ಗಾಳಿಯ ತೇವವೋ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ, ಅಂದರೆ ಗೋಡೆ ಕಡೆ, ಬೆವರಿದ್ದರೆ ತೇವ ಗೋಡೆಯದು. ಹೊರಮೈ ಬೆವರಿದ್ದರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆಗೆಯಿರಿ.

ನೀರು ನಿಂತ ಮೇಲೆ, ಕಲೆ ಇರುವುದಕ್ಕಿಂತ ಒಂದು ಅಡಿ ಮೇಲಿನವರೆಗೆ ಪ್ಲಾಸ್ಟರ್ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆಯಬೇಡಿ, ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಸುಮ್ಮನೆ ಒಣಗಲು ಬಿಡಿ. ಇಡೀ ಬೇಸಿಗೆ ಬಿಡಿ. ರಾಯಚೂರಿನ ಬಿಸಿಲು ಒಂದು ಒಳ್ಳೆ ಕೆಲಸಕ್ಕೂ ಬರಲಿ. ಒಣಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಪುಟ್ಟಿ ಬೇಡ, ಆಯಿಲ್ ಪೇಂಟ್ ಬೇಡ. ಬೇಸಿಗೆಯಲ್ಲಿ ಕೆತ್ತಿದ ಗೋಡೆ ನೋಡಿ ಬಂದವರು ಏನಾದರೂ ಅಂದಾರು. ಅದಕ್ಕೆ ಮುಂದೆ ಒಂದು ಅಂಗುಲ ಬಿಟ್ಟು ಜಮಖಾನೆ ಇಳಿಬಿಡಿ, ಗೋಡೆಗೆ ತಾಗಬಾರದು.

ಹೋದ ತಿಂಗಳು ನೀವು ನೆಲದ ಮೇಲಿನ ಬಿಳಿ ನೀರಿನ ಕಲೆಗೆ ನಿಂಬೆರಸ ಹಚ್ಚಿ ಉಜ್ಜಿ ಅಂತ ಬರೆದಿದ್ದಿರಿ. ನಿಮ್ಮ ಮಾತು ನಂಬಿ ನಮ್ಮ ಪಡಸಾಲೆಯ ಶಹಾಬಾದ್ ಕಲ್ಲಿಗೆ ಹಚ್ಚಿದೆ. ಕಲೆ ಹೋಯಿತು, ಕಲ್ಲಿನ ಹೊಳಪೂ ಹೋಯಿತು. ಈಗ ಅಲ್ಲಿ ಮಂಡಿಗೆ ಹಾಕಿದ ಪ್ಯಾಚ್ ಥರ ಕಾಣ್ತದೆ.
— ಸಿಟ್ಟಾದ ಓದುಗಾರ್ತಿ, ಮಾನ್ವಿ

ತಪ್ಪು ನನ್ನದೇ. ನಾನು ಹೇಳಿದ್ದು ಬಚ್ಚಲ ಟೈಲ್ಸ್‌ಗೆ, ಆದರೆ ಟೈಲ್ಸ್ ಅನ್ನುವ ಮಾತನ್ನೇ ಬರೆದಿರಲಿಲ್ಲ. ನಮ್ಮ ಕಡೆ ನೆಲ ಅಂದರೆ ಮೊದಲು ನೆನಪಾಗುವುದು ಶಹಾಬಾದ್ ಕಲ್ಲೇ ಅನ್ನುವುದು ನನಗೆ ತಿಳಿದಿರಬೇಕಿತ್ತು. ಕ್ಷಮಿಸಿ ಅಕ್ಕಾರೆ.

ಶಹಾಬಾದ್, ಕಡಪ ಎರಡೂ ಸುಣ್ಣದ ಕಲ್ಲು. ಹುಳಿ ಬಿದ್ದರೆ ಕಲ್ಲೇ ಕರಗುತ್ತದೆ. ನಿಂಬೆ, ಹುಣಸೆ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್, ಯಾವುದೂ ಆಗದು. ಮಾರ್ಬಲ್‌ಗೂ ಇದೇ ಮಾತು. ಗ್ರಾನೈಟ್ ಗಟ್ಟಿ, ತಡೆಯುತ್ತದೆ. ಅಡುಗೆ ಕಟ್ಟೆ ಕಡಪದ್ದಾದರೆ ಹುಣಸೆ ಹುಳಿ ಚೆಲ್ಲಿದ ಕೂಡಲೇ ಒರೆಸಿ, ರಾತ್ರಿ ಪಾತ್ರೆ ಜೊತೆ ಒರೆಸಿದರಾಯ್ತು ಅನ್ನಬೇಡಿ.

ನಿಮ್ಮ ಪ್ಯಾಚಿಗೆ ಈಗ ಏನು ಮಾಡುವುದು? ಕಲ್ಲು ಪಾಲಿಷ್ ಮಾಡುವವರು ಮಷೀನ್ ತಂದು ಮೇಲ್ಪದರ ಸವೆಸಿ ಹೊಳಪು ಬರಿಸುತ್ತಾರೆ. ಒಂದು ಕಲ್ಲಿಗಾಗಿ ಕರೆಸಿದರೆ ದಂಡ, ಬೀದಿಯಲ್ಲಿ ಯಾರದಾದರೂ ಹೊಸ ಮನೆ ಕೆಲಸ ನಡೆಯುವಾಗ ಬಂದವರನ್ನು ಕೇಳಿ. ಅಲ್ಲಿಯವರೆಗೆ ಆ ಜಾಗಕ್ಕೆ ಒಂದು ಚಾಪೆ. ಆನೆಗುಂದಿಯಲ್ಲಿ ಬಾಳೆ ನಾರಿನಲ್ಲಿ ಚಾಪೆ, ಬುಟ್ಟಿ ಹೆಣೆಯುತ್ತಾರೆ, ನೋಡೋಕೆ ಚೆಂದ. ದುಡ್ಡು ನಾನು ಕೊಡಬೇಕು ಅಂತ ನಿಮಗೆ ಅನ್ನಿಸಿದರೆ ಅದೂ ನ್ಯಾಯವೇ.

ಪ್ಲಾಸ್ಟಿಕ್ ಹೂವು ಇಡಬಹುದಾ?
— ಸಿರುಗುಪ್ಪ

ವಾರಕ್ಕೊಮ್ಮೆ ಅದಕ್ಕೆ ಸ್ನಾನ ಮಾಡಿಸುವ ತಾಳ್ಮೆ ಇದ್ದರೆ ಇಡಿ. ಇಲ್ಲದಿದ್ದರೆ ಬಾಟಲಿಯಲ್ಲಿ ನೀರು ಹಾಕಿ ಮನಿಪ್ಲಾಂಟ್ ಬಳ್ಳಿ ಇಡಿ. ಬೇಸಿಗೆಯಲ್ಲಿ ಪಶ್ಚಿಮದ ಕಿಟಕಿಯಲ್ಲಿ ಮಾತ್ರ ಬೇಡ, ಎಲೆ ಸುಟ್ಟು ಹಪ್ಪಳ ಆಗುತ್ತದೆ.

ಅತ್ತೆಯವರು ತೀರಿಕೊಂಡ ಮೇಲೆ ಹಳ್ಳಿಯ ಮಾಳಿಗೆ ಮನೆ, ಅಂದರೆ ಮಣ್ಣಿನ ಛಾವಣಿಯದ್ದು, ನಮ್ಮ ಪಾಲಿಗೆ ಬಂತು. ಮಣ್ಣಿನ ಗೋಡೆ, ಕಟ್ಟಿಗೆ ತೊಲೆ, ಗೋಡೆ ತುಂಬ ಸಾಮಾನಿಡುವ ಗೂಡುಗಳು, ನಮ್ಮ ಕಡೆ ಮಾಡ ಅಂತೀವಿ. ಮಗ ಬೆಂಗಳೂರಲ್ಲಿದ್ದಾನೆ. ಮಾಡ ಎಲ್ಲ ಮುಚ್ಚಿಸಿ, ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕಿಸಿ, ಹೊಸ ಮನೆ ಥರ ಮಾಡೋಣ ಅಂತಾನೆ. ನನಗೆ ಮನಸ್ಸಿಲ್ಲ, ಆದರೆ ಎದುರು ಹೇಳೋಕೆ ಕಾರಣ ಗೊತ್ತಿಲ್ಲ. ಅತ್ತೆ ಹೊಲಿದ ಕೌದಿ ನಾಲ್ಕಿವೆ, ಹಳೆ ಟ್ರಂಕಲ್ಲಿ ಕಿನ್ನಾಳದ ಗೊಂಬೆ ಎರಡಿವೆ.
— ಸೊಸೆಯೂ ಅತ್ತೆಯೂ, ಕೊಪ್ಪಳ ತಾಲ್ಲೂಕು

ಅಕ್ಕಾರೆ, ನಿಮ್ಮ ಪತ್ರ ಎರಡು ಸಲ ಓದಿದೆ. ನನ್ನ ತವರೂ ಮಾಳಿಗೆ ಮನೆಯೇ. ಈಗ ಅದಿಲ್ಲ, ಅಲ್ಲಿ ತಮ್ಮನ ಆರ್‌ಸಿಸಿ ಮನೆ ಇದೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ರಾತ್ರಿ ಎಲ್ಲರೂ ಛಾವಣಿ ಮೇಲೆ ಹಾಸಿಗೆ ಹಾಕುತ್ತೇವೆ, ಒಳಗೆ ಮಲಗಲು ಆಗದು.

ಮಗನಿಗೆ ಹೇಳಲು ಕಾರಣ ಬೇಕಲ್ಲ, ತಗೊಳ್ಳಿ. ಆ ದಪ್ಪ ಮಣ್ಣಿನ ಗೋಡೆ ಹಗಲ ಬಿಸಿಯನ್ನು ಒಳಕ್ಕೆ ಬಿಡಲು ತುಂಬ ಹೊತ್ತು ತಗೊಳ್ಳುತ್ತದೆ. ಆ ತಂಪು ಹೊಸ ಮನೆಯಲ್ಲಿ ಬೇಕಂದರೆ ಎಸಿ ಹಾಕಿಸಬೇಕು, ತಿಂಗಳಾ ತಿಂಗಳಾ ಬಿಲ್ಲು ಕಟ್ಟಬೇಕು. ಎರಡನೆಯದು, ಮಾಳಿಗೆಗೆ ಪಿಒಪಿ ಮುಚ್ಚಿದರೆ ಮಳೆಗೆ ಸೋರುವುದು ಕಾಣುವುದಿಲ್ಲ. ತೊಲೆಗೆ ಗೆದ್ದಲು ಹತ್ತಿದ್ದೂ ಕಾಣುವುದಿಲ್ಲ. ಮೇಲಿಂದ ಮಣ್ಣು ಉದುರುವುದು ಬೇಡ ಅಂದರೆ ಜಂತಿಗಳ ಕೆಳಗೆ ದಪ್ಪ ಕೋರಾ ಬಟ್ಟೆ ಬಿಗಿದು ಕಟ್ಟಿ, ಬೇಕಾದಾಗ ಬಿಚ್ಚಿ ಒಗೆಯಬಹುದು. ಮೂರನೆಯದು ದುಡ್ಡಿನ ಮಾತು. ಮಾಡ ಮುಚ್ಚಿಸಲು ಕೂಲಿ ಕೊಡುತ್ತೀರಿ, ಆಮೇಲೆ ಸಾಮಾನಿಡಲು ಕಪಾಟು ಕೊಳ್ಳುತ್ತೀರಿ.

ಮಾಡಗಳ ಒಳಮೈಗೆ ಮಾತ್ರ ಬಣ್ಣ ಹಚ್ಚಿ. ಗೋಡೆ ಬಿಳಿ ಸುಣ್ಣ, ಮಾಡದ ಒಳಗೆ ಕಾವಿ ಅಥವಾ ಅರಿಶಿನದ ಹಳದಿ. ಸುಣ್ಣಕ್ಕೇ ಬಣ್ಣದ ಪುಡಿ ಕಲಸಿ ಹಚ್ಚಬಹುದು. ಒಂದು ಮಾಡದಲ್ಲಿ ಹಿತ್ತಾಳೆ ಚೆಂಬು, ಒಂದರಲ್ಲಿ ದೀಪ, ಒಂದರಲ್ಲಿ ಮೊಮ್ಮಕ್ಕಳ ಫೋಟೋ. ಎಲ್ಲ ಮಾಡವೂ ತುಂಬಬೇಕಿಲ್ಲ.

ತೊಲೆ, ಕಂಬಗಳನ್ನು ಒಣ ಬ್ರಷ್‌ನಿಂದ ಉಜ್ಜಿ ಮಸಿ ತೆಗೆಸಿ, ಪೇಂಟ್ ಅಂಗಡಿಯಲ್ಲಿ ಸಿಗುವ ಲಿನ್‌ಸೀಡ್ ಆಯಿಲ್, ಅದೇ ಅಗಸೆ ಎಣ್ಣೆ, ತೆಳ್ಳಗೆ ಹಚ್ಚಿಸಿ. ಕಟ್ಟಿಗೆಯ ಬಣ್ಣ ಎದ್ದು ಬರುತ್ತದೆ. ಅದು ಅಡುಗೆಯದ್ದಲ್ಲ, ಡಬ್ಬಿ ಬೇರೆ ಇಡಿ. ಒಂದು ಎಚ್ಚರ: ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯೇರಿ ಬೆಂಕಿ ಹತ್ತುವುದುಂಟು. ಅಂಗಳದಲ್ಲಿ ಬಿಡಿಸಿ ಹರವಿ.

ಕೌದಿಗೆ ಮೊಳೆ ಹೊಡೆಯುವವರನ್ನು ಕಂಡರೆ ನನಗೆ ಆಗದು. ಕೌದಿಯ ಹಿಂದೆ ಮೇಲಂಚಿಗೆ ನಾಲ್ಕು ಇಂಚಿನ ಬಟ್ಟೆ ಪಟ್ಟಿ ಕೈಹೊಲಿಗೆ ಹಾಕಿ ಕೊಳವೆ ಮಾಡಿ, ಅದರೊಳಗೆ ಬಿದಿರು ಗಳ ತೂರಿಸಿ, ಗಳದ ಎರಡು ತುದಿಗೆ ಹಗ್ಗ. ಭಾರ ಎಲ್ಲ ಕಡೆ ಸಮ ಹಂಚಿಹೋಗುತ್ತದೆ, ಹಳೆ ಬಟ್ಟೆ ಹರಿಯುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ. ಒಂದನ್ನು ತೂಗುಹಾಕಿ, ಉಳಿದ ಮೂರನ್ನು ಹೊದೆಯಿರಿ. ನಿಮ್ಮ ಅತ್ತೆ ಅವನ್ನು ಹೊದೆಯಲೆಂದೇ ಹೊಲಿದದ್ದು.

ಕಿನ್ನಾಳದ ಗೊಂಬೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಹಗುರ ಕಟ್ಟಿಗೆಯ ಮೇಲೆ ಹುಣಸೆ ಬೀಜದ ಅಂಟು, ಅದರ ಮೇಲೆ ಬಣ್ಣ. ನೀರು ತಾಗಿದರೆ ಏಳುತ್ತದೆ. ಮೆತ್ತನೆ ಒಣ ಕುಂಚದಿಂದ ಧೂಳು ಕೊಡವಿ, ಸಾಕು. ಎಲ್ಲಾದರೂ ಬಣ್ಣ ಹಾರಿದ್ದರೆ ನೀವು ಪೇಂಟ್ ಹಚ್ಚಬೇಡಿ. ಕಿನ್ನಾಳ ನಿಮಗೆ ಪಕ್ಕದಲ್ಲೇ ಇದೆ, ಆ ಗೊಂಬೆ ಮಾಡುವ ಚಿತ್ರಗಾರರ ಮನೆಗೆ ಒಯ್ಯಿರಿ.

ನಮ್ಮವರು "ಅಂದ ಚೆಂದ ಎಲ್ಲಾ ದಂಡ" ಅಂತಾರೆ. ಆದರೆ ಬೇಸಿಗೆಯಲ್ಲಿ ನಮ್ಮ ಹಾಲ್ ಕಾದ ಹಂಚಿನ ಥರ ಇರುತ್ತದೆ, ಅವರೇ ಅಲ್ಲಿ ಕೂರೋಲ್ಲ. ಮೇಲೆ ಆರ್‌ಸಿಸಿ, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ. ದಪ್ಪ ಪರದೆ ಹಾಕಿದರೂ ಪ್ರಯೋಜನ ಇಲ್ಲ.
— ಸಿಂಧನೂರು

ನಿಮ್ಮವರಿಗೆ ಅಂದ ಚೆಂದದ ಹೆಸರೇ ಎತ್ತಬೇಡಿ. "ಕರೆಂಟ್ ಬಿಲ್ ಉಳಿಸೋಣ" ಅನ್ನಿ.

ಪರದೆ ಒಳಗಿದೆ, ಬಿಸಿಲು ಗಾಜು ದಾಟಿ ಬಂದಾಗಿದೆ. ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿದ ಹಾಗೆ. ನೆರಳು ಕಿಟಕಿಯ ಹೊರಗೆ ಬೇಕು. ಬಿದಿರಿನ ತಟ್ಟಿಯನ್ನೋ ಗೋಣಿ ತಾಟನ್ನೋ ಕಿಟಕಿ ಮೇಲಿನ ಸಜ್ಜಾದಿಂದ ಕೆಳಗೆ ಇಳಿಬಿಡಿ. ಗಾಜಿಗೂ ತಟ್ಟಿಗೂ ನಡುವೆ ಗೇಣು ಜಾಗ ಇರಲಿ, ಗಾಳಿ ಆಡಲಿ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಗೋಣಿ ತಾಟಿಗೆ ನೀರು ಚಿಮುಕಿಸಿದರೆ ಒಳಗೆ ತಂಪು ಗಾಳಿ ಬರುತ್ತದೆ, ನಿಮ್ಮ ಕೂಲರ್ ಮಾಡುವುದೂ ಅದನ್ನೇ. ಮಳೆಗಾಲದ ತೇವದ ಗಾಳಿಯಲ್ಲಿ ಇದು ನಡೆಯದು.

ಮಾರ್ಚ್‌ನಲ್ಲೇ ಛಾವಣಿಗೆ ಸುಣ್ಣ ಹೊಡೆಯಿರಿ. ಮೊದಲು ಕಪ್ಪು ಪಾಚಿಯನ್ನು ಉಜ್ಜಿ ತೊಳೆಯಬೇಕು, ಇಲ್ಲಾಂದ್ರೆ ಹಪ್ಪಳೆ ಎದ್ದು ಹೋಗುತ್ತದೆ. ತೆಳ್ಳಗೆ ಎರಡು ಮೂರು ಕೋಟು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೊಡೆಯಿರಿ, ಸುಡು ಬಿಸಿಲಲ್ಲಿ ಸುಣ್ಣ ಹಿಡಿಯುವ ಮುಂಚೆಯೇ ಒಣಗಿ ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ನಾನೊಮ್ಮೆ ಬರಿಗೈಯಲ್ಲಿ ಕಲಸಿ ಒಂದು ವಾರ ಸೂಜಿ ಹಿಡಿಯಲಾಗದೆ ಕೂತಿದ್ದೆ. ಮಳೆಗಾಲಕ್ಕೆ ಜಾಸ್ತಿ ಭಾಗ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ. ಈ ಕೆಲಸ ನಿಮ್ಮವರ ಕೈಯಲ್ಲೇ ಮಾಡಿಸಿ. ಒಮ್ಮೆ ತಾವೇ ಸುಣ್ಣ ಹೊಡೆದ ಗಂಡಸರು ಆಮೇಲೆ ಹಾಲ್‌ಗೆ ಯಾವ ಪರದೆ ಅಂತ ತಾವೇ ಕೇಳುತ್ತಾರೆ. ನಮ್ಮವರು ಕೇಳಿದರು.

ಆಂಟೀ, ಕೊಪ್ಪಳದಲ್ಲಿ ಪಿಯು ಓದ್ತಿದ್ದೇನೆ. ನಾಲ್ಕು ಹುಡುಗಿಯರಿಗೆ ಒಂದು ರೂಮು. ನನ್ನದು ಅಂತ ಇರೋದು ಒಂದು ಮಂಚ, ಪಕ್ಕದ ಗೋಡೆ, ಒಂದು ಟ್ರಂಕು. 300 ರೂಪಾಯಿ ಇದೆ. ಏನಾದರೂ ಮಾಡಬಹುದಾ?

ಮಾಡಬಹುದು ಪುಟ್ಟೀ. ಈ ಸಲದ ಪತ್ರಗಳಲ್ಲಿ ಲೆಕ್ಕ ಸರಿಯಾಗಿ ಬರೆದವಳು ನೀನೊಬ್ಬಳೇ.

ಅಮ್ಮನ ಹಳೆ ಕಾಟನ್ ಸೀರೆ ಒಂದು ಕೇಳಿ ತಗೋ. ಸೀರೆ ಐದೂವರೆ ಮೀಟರ್ ಇರುತ್ತದೆ. ಎರಡೂವರೆ ಮೀಟರ್ ಉದ್ದದ ಎರಡು ತುಂಡು ಮಾಡಿ ಉದ್ದಕ್ಕೆ ಜೋಡಿಸಿ ಹೊಲಿ, ಮಂಚಕ್ಕೆ ಹೊದಿಕೆ ಆಯಿತು. ಉಳಿದ ಅರ್ಧ ಮೀಟರಿನಲ್ಲಿ ಟ್ರಂಕಿನ ಮೇಲೆ ಹಾಸಲು ಒಂದು ತುಂಡು. ಇಳಕಲ್ ಸೀರೆ ಕೊಟ್ಟರೆ ಮಾತ್ರ ಕತ್ತರಿಸಬೇಡ, ಸೆರಗಿಗೆ ಕತ್ತರಿ ಇಟ್ಟರೆ ಅಮ್ಮನೂ ಬೈಯುತ್ತಾಳೆ, ನಾನೂ ಬೈಯುತ್ತೇನೆ. ಕಿಟಕಿ ಸರಳಿನಿಂದ ಮಂಚದ ತಲೆ ಹತ್ತಿರದ ಕಂಬಿಗೆ ಒಂದು ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಫೋಟೋ, ಟೈಮ್‌ಟೇಬಲ್ ಸಿಕ್ಕಿಸು. ಗೋಡೆಗೆ ಏನೂ ಅಂಟಿಸುವುದು ಬೇಡ. ಓದಲು ಒಂದು ಕ್ಲಿಪ್ ಲೈಟ್ ತಗೋ, ಬೇರೆಯವರ ನಿದ್ದೆ ಕೆಡಬಾರದಲ್ಲ. ದುಡ್ಡು ಖರ್ಚಾಗುವುದು ಅದಕ್ಕೊಂದಕ್ಕೇ.

ಟ್ರಂಕಿನ ಮೇಲಿನ ಬಟ್ಟೆ ಚೆಂದ ಕಂಡರೆ ನಾಲ್ಕೂ ಜನ ಬಂದು ಅದರ ಮೇಲೇ ಕೂರುತ್ತಾರೆ. ಕೂರಲಿ ಬಿಡು. ಚಿಲ್ಲರೆ ಉಳಿದರೆ ಆವತ್ತು ಒಗ್ಗರಣಿ ಮಿರ್ಚಿ ತರಿಸು, ಎಣ್ಣೆ ಕೈ ಮಾತ್ರ ಸೀರೆಗೆ ಒರೆಸಬೇಡಿ ಅಂತ ಮೊದಲೇ ಹೇಳಿಬಿಡು.